ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ದೂರ ಪ್ರಯಾಣ: ಆಯಿಲ್ ಲೆಕ್ಕ ಇಡುವುದು ಹೇಗೆ?

"ಊರೊಳಗೆ ಓಡಿಸುವಾಗ ಆಯಿಲ್ ಕಮ್ಮಿಯಾಗುವುದೇ ಇಲ್ಲ. ಹೈವೇಯಲ್ಲಿ 500 ಕಿ.ಮೀ. ಹೋದರೆ ಸಾಕು, ಡಿಪ್‌ಸ್ಟಿಕ್‌ನಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಎಂಜಿನ್ ಬೋರಿಗೆ ಬಂತಾ?"

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. (ಡಿಪ್‌ಸ್ಟಿಕ್ ಅಂದರೆ ಎಂಜಿನ್‌ನಲ್ಲಿ ಆಯಿಲ್ ಎಷ್ಟಿದೆ ಅಂತ ನೋಡುವ, ಗುರುತು ಹಾಕಿದ ಕಡ್ಡಿ.) ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಇಷ್ಟಕ್ಕೇ ಎಂಜಿನ್ ಹೋಯಿತು ಅಂತ ಹೆದರಬೇಡಿ. ಇಪ್ಪತ್ತು, ಮೂವತ್ತು ವರ್ಷದ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಆದರೆ ನಿಮ್ಮ ಕಾರು 1,000 ಕಿ.ಮೀ.ಗೆ ಎಷ್ಟು ಕುಡಿಯುತ್ತದೆ ಅನ್ನುವ ಅಂಕಿ ನಿಮ್ಮ ಕೈಯಲ್ಲಿ ಇರಲೇಬೇಕು. ಆ ಅಂಕಿ ಇಲ್ಲದೆ ದೂರದ ದಾರಿ ಹಿಡಿಯಬೇಡಿ.

ಊರಿನ ಓಡಾಟ ಯಾಕೆ ಮೋಸ ಮಾಡುತ್ತದೆ?

ಹತ್ತು ನಿಮಿಷದ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್ ಜತೆ ಸೇರುತ್ತದೆ. ಜತೆಗೆ ಒಂದಿಷ್ಟು ನೀರಿನ ಪಸೆ. ಒಂದು ಕಡೆ ಆಯಿಲ್ ಖರ್ಚಾಗುತ್ತಿದ್ದರೂ ಇನ್ನೊಂದು ಕಡೆಯಿಂದ ಇವು ಬಂದು ಸೇರುವುದರಿಂದ ಮಟ್ಟ ಹಾಗೇ ಇರುವಂತೆ ಕಾಣುತ್ತದೆ. ಹೈವೇಯಲ್ಲಿ ಒಂದೆರಡು ಗಂಟೆ ಓಡಿ ಆಯಿಲ್ ಚೆನ್ನಾಗಿ ಬಿಸಿಯಾದಾಗ ಈ ಪೆಟ್ರೋಲ್, ನೀರು ಎಲ್ಲ ಆವಿಯಾಗಿ ಹೋಗುತ್ತವೆ. ತಿಂಗಳುಗಟ್ಟಲೆ ಮುಚ್ಚಿಕೊಂಡಿದ್ದ ಕೊರತೆ ಅರ್ಧ ದಿನದಲ್ಲಿ ಹೊರಗೆ ಬೀಳುತ್ತದೆ.

ಎರಡನೆಯದು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಐದೇ ಗೇರ್ ಇರುವುದು ಸಾಮಾನ್ಯ, ಆ ಗೇರ್‌ಗಳೂ ಗಿಡ್ಡ, ಅಂದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕು. ಹೈವೇ ವೇಗದಲ್ಲಿ ಎಂಜಿನ್ 3,600ರ ಸುತ್ತಮುತ್ತ ತಿರುಗುತ್ತಿದ್ದರೆ ಒಂದು ಗಂಟೆಗೆ 2,16,000 ಸುತ್ತು. ಪ್ರತಿ ಸಲ ಪಿಸ್ಟನ್ ಕೆಳಗಿಳಿದಾಗಲೂ ಸಿಲಿಂಡರ್ ಗೋಡೆಯ ಮೇಲೆ ತೆಳುವಾದ ಆಯಿಲ್ ಪದರ ಉಳಿಯುತ್ತದೆ, ಅದರಲ್ಲಿ ಸ್ವಲ್ಪ ಉರಿಯುತ್ತದೆ. ಬಿಸಿಗೆ ಆಯಿಲ್ ತೆಳ್ಳಗಾದಾಗ ಇದು ಇನ್ನೂ ಜಾಸ್ತಿ.

1. ಮೊದಲು ಮ್ಯಾನ್ಯುಯಲ್ ಓದಿ

ಎರಡು ವಿಷಯ ಹುಡುಕಿ: ಆಯಿಲ್ ಮಟ್ಟ ನೋಡುವ ಸರಿಯಾದ ಕ್ರಮ, ಮತ್ತು ಕಂಪನಿ ಒಪ್ಪುವ ಖರ್ಚಿನ ಮಿತಿ.

ಕ್ರಮ ಎಲ್ಲ ಕಾರಿಗೂ ಒಂದೇ ಅಲ್ಲ. ಇಲ್ಲೇ ತುಂಬಾ ಜನ ಎಡವುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ, ಐದಾರು ನಿಮಿಷ ಕಾದು, ಆಯಿಲ್ ಎಲ್ಲ ಕೆಳಗಿನ ಸಂಪ್‌ಗೆ ಇಳಿದ ಮೇಲೆ ನೋಡಬೇಕು. ಸಂಪ್ ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ. ಆದರೆ 1998ರವರೆಗೆ ಬಂದ ಗಾಳಿಯಿಂದ ತಂಪಾಗುವ ಪೋರ್ಶೆ 911ರಲ್ಲಿ ಆಯಿಲ್ ಬೇರೆಯೇ ಒಂದು ಟ್ಯಾಂಕ್‌ನಲ್ಲಿರುತ್ತದೆ. ಇದನ್ನು ಡ್ರೈ ಸಂಪ್ ಅನ್ನುತ್ತಾರೆ. ಅದರಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ, ಸಮತಟ್ಟಾದ ನೆಲದ ಮೇಲೆ ನೋಡಬೇಕು. ತಣ್ಣಗಿದ್ದಾಗ ನೋಡಿ ಕಮ್ಮಿ ಇದೆ ಅಂತ ಸುರಿದರೆ, ಬಿಸಿಯಾದ ಮೇಲೆ ಮಿತಿ ಮೀರಿರುತ್ತದೆ.

ಮಜ್ದಾ ಆರ್‌ಎಕ್ಸ್-7 ಮತ್ತು ಆರ್‌ಎಕ್ಸ್-8 ವಿಷಯವೇ ಬೇರೆ. ಅವುಗಳ ರೋಟರಿ ಎಂಜಿನ್‌ನಲ್ಲಿ ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುತ್ತದೆ. ಅದರ ತುದಿಯ ಸೀಲ್‌ಗಳು ಒಣಗಬಾರದು ಅಂತ ಒಂದು ಚಿಕ್ಕ ಪಂಪ್ ಬೇಕೆಂದೇ ಆಯಿಲ್ ಒಳಗೆ ಬಿಡುತ್ತದೆ. ಅಲ್ಲಿ ಆಯಿಲ್ ಒಂಚೂರೂ ಖರ್ಚಾಗದಿದ್ದರೆ ಅದಕ್ಕೇ ಗಾಬರಿಯಾಗಬೇಕು.

ಇನ್ನು ಮಿತಿ. ಅನೇಕ ಕಂಪನಿಗಳ ಮ್ಯಾನ್ಯುಯಲ್‌ಗಳಲ್ಲಿ 1,000 ಕಿ.ಮೀ.ಗೆ 1 ಲೀಟರ್‌ವರೆಗೂ ಸರಿ ಎಂದಿರುತ್ತದೆ. ಅದು ಉದಾರವಾದ ಅಂಕಿ. ನನ್ನ ಅಳತೆ ಇದು: 0.3 ಲೀಟರ್ ಒಳಗಿದ್ದರೆ ನಿಶ್ಚಿಂತೆಯಿಂದ ಹೊರಡಿ. 0.3ರಿಂದ 0.7ರ ಮಧ್ಯೆ ಇದ್ದರೆ ಸಾಕಷ್ಟು ಆಯಿಲ್ ಇಟ್ಟುಕೊಂಡು ಹೊರಡಿ. ಅದಕ್ಕಿಂತ ಜಾಸ್ತಿ ಇದ್ದು, ಮ್ಯಾನ್ಯುಯಲ್ ಕೂಡ ಅಷ್ಟು ಒಪ್ಪದಿದ್ದರೆ ಕಾರಣ ಹುಡುಕಿ, ಆಮೇಲೆ ಹೊರಡಿ.

2. ಹೊರಡುವ ಮೊದಲೇ ಅಳೆಯಿರಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಮೊದಲು ಒಂದು ಗಂಟೆ ಹೈವೇಯಲ್ಲಿ ಓಡಿಸಿ, ಒಳಗೆ ಸೇರಿದ ಪೆಟ್ರೋಲ್, ನೀರು ಆವಿಯಾಗಲಿ. ವಾಪಸ್ ಬಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು ಆಯಿಲನ್ನು ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೆ ಸರಿಯಾಗಿ ತುಂಬಿ. ಓಡೋಮೀಟರ್ ಅಂಕಿ ಬರೆದಿಡಿ. ನಂತರ 500 ಕಿ.ಮೀ. ಓಡಿಸಿ. ಊರೊಳಗೆ ಸುಮ್ನೆ ಸುತ್ತುವುದಲ್ಲ, ಪ್ರಯಾಣದಲ್ಲಿ ಯಾವ ವೇಗದಲ್ಲಿ ಹೋಗುತ್ತೀರೋ ಅದೇ ವೇಗದಲ್ಲಿ. ವಾಪಸ್ ಬಂದು ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಕಾದು ನೋಡಿ. ಮತ್ತೆ ಮೇಲಿನ ಗುರುತಿಗೆ ಬರಲು ಎಷ್ಟು ಮಿಲಿಲೀಟರ್ ಬೇಕಾಯಿತು ಅಂತ ಅಳತೆ ಲೋಟದಲ್ಲಿ ಅಳೆದು ಹಾಕಿ.

ಉದಾಹರಣೆಗೆ, 500 ಕಿ.ಮೀ.ಗೆ 300 ಮಿ.ಲೀ. ಬೇಕಾಯಿತು ಅಂದುಕೊಳ್ಳಿ. ಅಂದರೆ 1,000 ಕಿ.ಮೀ.ಗೆ 0.6 ಲೀಟರ್. ನಿಮ್ಮ ಪ್ರಯಾಣ 3,000 ಕಿ.ಮೀ. ಆದರೆ 1.8 ಲೀಟರ್ ಬೇಕು. ಮೇಲೆ ಒಂದು ಲೀಟರ್ ಆಪತ್ಕಾಲಕ್ಕೆ. ಮೂರು ಲೀಟರ್ ಡಿಕ್ಕಿಯಲ್ಲಿರಲಿ.

ಡಿಪ್‌ಸ್ಟಿಕ್‌ನ ಮೇಲಿನ ಮತ್ತು ಕೆಳಗಿನ ಗುರುತಿನ ನಡುವೆ ಅನೇಕ ಕಾರುಗಳಲ್ಲಿ ಸುಮಾರು 1 ಲೀಟರ್ ಇರುತ್ತದೆ. ನಿಮ್ಮದರಲ್ಲಿ ಎಷ್ಟು ಅಂತ ನೋಡಿಕೊಳ್ಳಿ. ಒಟ್ಟು 4 ಲೀಟರ್ ಹಿಡಿಯುವ ಎಂಜಿನ್‌ನಲ್ಲಿ 1 ಲೀಟರ್ ಇಳಿದರೆ ಕಾಲು ಭಾಗವೇ ಹೋದಂತೆ. ಉಳಿದ ಮೂರು ಲೀಟರ್ ಅಷ್ಟೇ ಬಿಸಿಯನ್ನು ಹೊರಬೇಕು, ಹಾಗಾಗಿ ಇನ್ನೂ ಬೇಗ ಬಿಸಿಯಾಗುತ್ತದೆ, ಇನ್ನೂ ಬೇಗ ಹಾಳಾಗುತ್ತದೆ. "ಕೆಳಗಿನ ಗುರುತಿಗೆ ಬಂದ ಮೇಲೆ ಹಾಕಿದರಾಯ್ತು" ಅನ್ನುವವರು ಇದನ್ನು ಯೋಚಿಸಿ.

3. ಸೋರುತ್ತಿದೆಯಾ, ಉರಿಯುತ್ತಿದೆಯಾ?

ಆಯಿಲ್ ಹೋಗಲು ಎರಡೇ ದಾರಿ. ಹೊರಗೆ ಸೋರಬೇಕು, ಇಲ್ಲವೇ ಒಳಗೆ ಉರಿಯಬೇಕು.

ಸೋರಿಕೆಗೆ ಸುಲಭದ ಪರೀಕ್ಷೆ: ರಾತ್ರಿ ಕಾರಿನ ಕೆಳಗೆ ಚಪ್ಪಟೆ ರಟ್ಟು ಹಾಸಿ, ಮುಂದಿನ ಚಕ್ರದ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ. ಬೆಳಗ್ಗೆ ನೋಡಿ. ರಟ್ಟಿನ ಮೇಲಿನ ಹನಿ ಎಲ್ಲಿ ಬಿದ್ದಿದೆ ಅನ್ನುವುದರಿಂದ ಹುಡುಕಾಟ ಶುರು. ಆದರೆ ಹನಿ ಬಿದ್ದ ಜಾಗವೇ ಸೋರುವ ಜಾಗ ಅಲ್ಲ. ಎಂಜಿನ್ ಮೇಲ್ಮುಚ್ಚಳದ ಸಂದಿ ಮುಚ್ಚುವ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಹೊರಟ ಆಯಿಲ್ ಎಂಜಿನ್ ಬದಿ ಹಿಡಿದು ಇಳಿದು, ಬೋಲ್ಟ್ ತಲೆಯ ಹತ್ತಿರ ತಿರುಗಿ, ಓಡುವಾಗ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಗೇರ್‌ಬಾಕ್ಸ್ ಹತ್ತಿರ ತೊಟ್ಟಿಕ್ಕುತ್ತದೆ. ನೋಡಿದವರು ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್‌ನ ತಿರುಗುವ ಮುಖ್ಯ ದಂಡದ ಸೀಲ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದುಬಿಡುತ್ತಾರೆ. ಎಂಜಿನ್ ಪೂರ್ತಿ ಒರೆಸಿ, ಹತ್ತು ಕಿ.ಮೀ. ಓಡಿಸಿ, ಟಾರ್ಚ್ ಹಿಡಿದು ಎಲ್ಲಕ್ಕಿಂತ ಮೇಲಿನ ಒದ್ದೆ ಜಾಗ ಯಾವುದು ಅಂತ ಹುಡುಕಿ. ಕೆಳಗಿನಿಂದ ಹುಡುಕಬೇಡಿ.

ಬಿಸಿ ಸೈಲೆನ್ಸರ್ ಪೈಪ್ ಮೇಲೆ ಬೀಳುವ ಸೋರಿಕೆ ಇದ್ದರೆ ಎಷ್ಟೇ ಚಿಕ್ಕದಿರಲಿ, ಸರಿಮಾಡಿಸದೆ ಹೊರಡಲೇಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ.

ಉರಿಯುತ್ತಿದ್ದರೆ ಹೊಗೆ ನೀಲಿ ಛಾಯೆಯದ್ದಾಗಿರುತ್ತದೆ. ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಸ್ನೇಹಿತರೊಬ್ಬರನ್ನು ಇನ್ನೊಂದು ಕಾರಿನಲ್ಲಿ ಹಿಂದೆ ಬರಲು ಹೇಳಿ, ನೀವು ಕೂತಲ್ಲಿಂದ ಕಾಣುವುದು ಕಷ್ಟ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗುಪ್ಪೆ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ವಾಲ್ವ್‌ನ ಕಡ್ಡಿಗೆ ತೊಡಿಸಿದ ರಬ್ಬರ್ ಟೋಪಿ ಇದು. ವಯಸ್ಸಾದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ರಾತ್ರಿಯಿಡೀ ಆಯಿಲ್ ಜಿನುಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ಹೊಗೆ ಬಂದರೂ ಬಹುಪಾಲು ಅದೇ ಕಾರಣ. ಗಟ್ಟಿಯಾಗಿ ಒತ್ತಿ ಏರುವಾಗ ಬಿಡದೆ ಹೊಗೆ ಬಂದರೆ ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ ಸುತ್ತ ತೊಡಿಸಿದ ಬಳೆಗಳ ಕಡೆ ನೋಡಿ. ಬಿಳಿ ಹೊಗೆ ನಿಲ್ಲದೆ ಬಂದು, ಸಿಹಿ ವಾಸನೆ ಇದ್ದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿಯಾದದ್ದು. ಇವೆರಡೂ ಬೇರೆ ಕಾಯಿಲೆ.

ಹೊಗೆಯೇ ಕಾಣದೆಯೂ ಆಯಿಲ್ ಉರಿಯಬಹುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಹೊಗೆಯನ್ನು ಅದೇ ಸುಟ್ಟುಬಿಡುತ್ತದೆ. ಆಗ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಮೂರು ಪ್ಲಗ್‌ಗಳ ತುದಿ ಒಣಗಿ ತಿಳಿ ಕಂದಾಗಿದ್ದು, ಒಂದರ ತುದಿ ಮಾತ್ರ ಕಪ್ಪಗೆ ಜಿಡ್ಡುಜಿಡ್ಡಾಗಿ ಹೊಳೆಯುತ್ತಿದ್ದರೆ ಕಳ್ಳ ಆ ಸಿಲಿಂಡರ್‌ನಲ್ಲೇ ಇದ್ದಾನೆ. ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಅಳತೆ. ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ ಅಳೆಯಲು ಹೇಳಿ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್ ಬಿಟ್ಟಿದೆ.

ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಪಿಸಿವಿ ವಾಲ್ವ್ ನೋಡಿ. ಎಂಜಿನ್ ಒಳಗೆ ಸೇರುವ ಗಾಳಿಯನ್ನು ಹೊರತೆಗೆದು ಮತ್ತೆ ಉರಿಯಲು ಕಳಿಸುವ ಪುಟ್ಟ ಬಿಡಿಭಾಗ ಅದು. ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಎಲ್ಲ ಸೀಲ್‌ಗಳಿಂದಲೂ ಆಯಿಲ್ ಹೊರಗೆ ನುಗ್ಗುತ್ತದೆ. ತೆರೆದೇ ಸಿಕ್ಕಿಹಾಕಿಕೊಂಡರೆ ಆಯಿಲನ್ನೇ ಎಳೆದು ಉರಿಸುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಅನ್ನಬೇಕು. ಸದ್ದಿಲ್ಲದಿದ್ದರೆ ಬದಲಿಸಿ. ಬದಲಿಸಲು ಹತ್ತು ನಿಮಿಷ ಸಾಕು.

4. ಯಾವ ಆಯಿಲ್?

ಮ್ಯಾನ್ಯುಯಲ್ ಹೇಳಿದ ಗ್ರೇಡ್. 20ಡಬ್ಲ್ಯು-50 ಅಂದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸರಾಗವಾಗಿ ಹರಿಯುತ್ತದೆ ಅನ್ನುವುದು, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ಖರ್ಚು ತಗ್ಗಿಸಲು ಎರಡನೆಯ ಅಂಕಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಬಹುದು, ಅದೂ ಮ್ಯಾನ್ಯುಯಲ್‌ನ ಪಟ್ಟಿಯಲ್ಲಿ ಆ ಗ್ರೇಡ್ ಇದ್ದರೆ ಮಾತ್ರ. ತೀರಾ ದಪ್ಪನೆಯದು ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಮೇಲಿನ ಭಾಗಗಳಿಗೆ ತಲುಪಲು ತಡವಾಗುತ್ತದೆ.

ಇನ್ನೊಂದು ಮಾತು. ಹಳೆಯ ಎಂಜಿನ್‌ಗಳಲ್ಲಿ ವಾಲ್ವ್ ತೆರೆಸುವ ಕ್ಯಾಮ್, ಅದು ಒತ್ತುವ ಚಪ್ಪಟೆ ಟ್ಯಾಪೆಟ್ ಮೇಲೆ ಉಜ್ಜಿಕೊಂಡೇ ಓಡುವ ವಿನ್ಯಾಸ ಇದ್ದರೆ, ಅವಕ್ಕೆ ಸವೆತ ತಡೆಯುವ ಸತು ಮತ್ತು ರಂಜಕದ ಅಂಶ ಜಾಸ್ತಿ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ ಇವತ್ತಿನ ತೆಳು ಗ್ರೇಡ್‌ಗಳಲ್ಲಿ ಇದನ್ನು ಕಡಿಮೆ ಮಾಡಿದ್ದಾರೆ. ಹಳೆಯ ಕಾರುಗಳಿಗೆಂದೇ ಮಾಡಿದ ಆಯಿಲ್ ಸಿಗುತ್ತದೆ, ಅದನ್ನೇ ಕೊಳ್ಳಿ.

ಸೋರಿಕೆ ನಿಲ್ಲಿಸುವ ಡಬ್ಬಿ, ಎಂಜಿನ್ ತೊಳೆಯುವ ದ್ರಾವಣ ಇವನ್ನೆಲ್ಲ ಪ್ರಯಾಣಕ್ಕೆ ಮುಂಚೆ ಪ್ರಯೋಗ ಮಾಡಬೇಡಿ. ವರ್ಷಗಟ್ಟಲೆ ಅಂಟಿದ್ದ ಕೊಳೆ ಕಿತ್ತು ಬಂದು ಆಯಿಲ್ ದಾರಿ ಕಟ್ಟಿಕೊಂಡರೆ ನಡುದಾರಿಯಲ್ಲಿ ನಿಲ್ಲುತ್ತೀರಿ.

5. ಸರ್ವಿಸ್ ಹೊರಡುವ ಹಿಂದಿನ ದಿನ ಬೇಡ

ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೆ ಕನಿಷ್ಠ 200, 300 ಕಿ.ಮೀ. ಓಡಿಸಿ ನೋಡಿಯೇ ದೂರಕ್ಕೆ ಹೊರಡಿ. ಎರಡನೇ ಹಂತದ ಅಳತೆಯನ್ನೂ ಈ ಹೊಸ ಆಯಿಲ್‌ನಲ್ಲೇ ಮಾಡಿ, ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ. ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿಯುವುದುಂಟು. ನೋಡದೆ ಹೊಸ ಫಿಲ್ಟರ್ ಹಾಕಿದರೆ ರಿಂಗ್ ಮೇಲೆ ರಿಂಗ್ ಕೂರುತ್ತದೆ. ಊರೊಳಗೆ ತಡೆಯುತ್ತದೆ, ಹೈವೇಯಲ್ಲಿ ಒತ್ತಡ ಏರಿದಾಗ ಜಾರಿ, ಕೆಲವೇ ನಿಮಿಷದಲ್ಲಿ ಆಯಿಲೆಲ್ಲ ರಸ್ತೆಗೆ. ನನ್ನ ಕಾರಿಗೇ ಒಮ್ಮೆ ಹೀಗಾಗಿತ್ತು. ಅವತ್ತಿನಿಂದ ಹಳೆಯ ಫಿಲ್ಟರ್ ಕೈಗೆ ತೆಗೆದುಕೊಂಡು, ಅದರ ಬಾಯಿಯ ಸುತ್ತ ಬೆರಳಾಡಿಸಿ, ರಿಂಗ್ ಅದರಲ್ಲೇ ಇದೆ ಅಂತ ಖಚಿತವಾದ ಮೇಲೇ ಹೊಸದನ್ನು ಹಾಕಲು ಬಿಡುತ್ತೇನೆ.

6. ಡಿಕ್ಕಿಯಲ್ಲಿ ಇರಬೇಕಾದ್ದು

ಲೆಕ್ಕ ಹಾಕಿದಷ್ಟು ಆಯಿಲ್, ಉದ್ದ ಕೊಳವೆಯ ಲಾಳಿಕೆ, ನೂಲು ಬಿಡದ ಬಟ್ಟೆ, ಕೈಗವಸು, ಟಾರ್ಚ್, ಒಂದು ರಟ್ಟು, ಪುಟ್ಟ ನೋಟ್‌ಬುಕ್, ಪೆನ್ನು. ಆಯಿಲ್ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ. ಹಳೆಯ ಕಾರಿಗೆ ಬೇಕಾದ ಗ್ರೇಡ್ ದಾರಿಯಲ್ಲಿ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ಸಿಗದೇ ಹೋದರೆ ಅದೇ ಗ್ರೇಡ್‌ನ ಬೇರೆ ಕಂಪನಿಯದು ಹಾಕಬಹುದು, ತೊಂದರೆ ಇಲ್ಲ. ಅದೂ ಸಿಗದಿದ್ದರೆ ಹತ್ತಿರದ ಗ್ರೇಡ್. ಆಯಿಲ್ ಕಮ್ಮಿ ಇಟ್ಟುಕೊಂಡು ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ.

7. ದಾರಿಯಲ್ಲಿ

ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಆಯಿಲ್ ನೋಡಿ. ಮೊದಲ ದಿನ 200 ಕಿ.ಮೀ.ಗೇ ಒಮ್ಮೆ ನೋಡುವುದು ಒಳ್ಳೆಯದು. ಬಂಕ್‌ನ ನೆಲ ಇಳಿಜಾರಾಗಿರುತ್ತದೆ, ಪಂಪ್ ಪಕ್ಕದಲ್ಲೇ ನೋಡಬೇಡಿ. ಪೆಟ್ರೋಲ್ ಹಾಕಿಸಿ, ಸಮತಟ್ಟಾದ ಕಡೆ ನಿಲ್ಲಿಸಿ, ಕಾದು ನೋಡಿ. ಡಿಪ್‌ಸ್ಟಿಕ್ ಒಮ್ಮೆ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಎರಡೂ ಬದಿ ನೋಡಿ. ಒಂದು ಬದಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಕೆಳಗಿನದನ್ನೇ ನಂಬಿ, ಮೇಲಿನದು ಕೊಳವೆಯ ಗೋಡೆಗೆ ತಾಗಿ ಬಂದದ್ದು.

ಅರ್ಧಕ್ಕೆ ಇಳಿದಿದ್ದರೆ ತುಂಬಿ. ಒಂದು ಸಲಕ್ಕೆ 250 ಮಿ.ಲೀ., ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಮೇಲಿನ ಗುರುತು ದಾಟಲೇಬೇಡಿ. ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಬೇರಿಂಗ್ ಕಾಯುವುದಿಲ್ಲ. ಹೆಚ್ಚಿನ ಆಯಿಲ್ ಪಿಸಿವಿ ದಾರಿ ಹಿಡಿದು ಉರಿಯಲೂ ಹೋಗುತ್ತದೆ. ಖರ್ಚು ಜಾಸ್ತಿ ಅಂತ ಇನ್ನಷ್ಟು ತುಂಬಿ, ಅದರಿಂದಲೇ ಖರ್ಚು ಇನ್ನೂ ಜಾಸ್ತಿ ಮಾಡಿಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

ಆಯಿಲ್ ಮುಚ್ಚಳ ತೆಗೆದಾಗ ಅದರ ಪಕ್ಕದಲ್ಲೇ ಕಾರಿನ ಕೀ ಇಡಿ. ಮುಚ್ಚಳ ಹಾಕದೆ ಹೊರಡಲು ಆಗುವುದೇ ಇಲ್ಲ. ಚೆಲ್ಲಿದ ಆಯಿಲ್ ಬಿಸಿ ಭಾಗದ ಮೇಲೆ ಉಳಿಯದಂತೆ ಒರೆಸಿ, ನಂತರ ಓಡೋಮೀಟರ್ ಅಂಕಿ, ಹಾಕಿದ ಪ್ರಮಾಣ ಬರೆಯಿರಿ.

ಓಡಿಸುವ ರೀತಿಯಲ್ಲೂ ಉಳಿತಾಯ ಇದೆ. ಸ್ಟಾರ್ಟ್ ಮಾಡಿದ ಮೇಲೆ ನೀರಿನ ಬಿಸಿ ತೋರಿಸುವ ಮುಳ್ಳು ಬೇಗ ಮೇಲೆ ಬರುತ್ತದೆ, ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಮೊದಲ 15 ನಿಮಿಷ ಆರ್‌ಪಿಎಂ ಕಡಿಮೆ ಇರಲಿ. ಉದ್ದ ಇಳಿಜಾರಿನಲ್ಲಿ ಸಣ್ಣ ಗೇರ್‌ನಲ್ಲಿ ಎಂಜಿನ್ ಬ್ರೇಕ್ ಮಾಡುವಾಗ ಒಳಗೆ ಎಳೆತ ಹೆಚ್ಚಿ ಆಯಿಲ್ ವಾಲ್ವ್ ಸೀಲ್ ದಾಟಿ ಬರುತ್ತದೆ. ಹಾಗಂತ ನ್ಯೂಟ್ರಲ್‌ನಲ್ಲಿ ಇಳಿಯಬೇಡಿ, ಬ್ರೇಕ್ ಹಿಡಿತಕ್ಕೇ ಸಿಗದೆ ಹೋದೀತು. ಆರ್‌ಪಿಎಂ ತೀರಾ ಏರದ ಗೇರ್ ಆರಿಸಿ, ಇಳಿದ ಮೇಲೆ ಒಮ್ಮೆ ಆಯಿಲ್ ನೋಡಿ. ಟರ್ಬೊ ಇದ್ದರೆ ಜೋರಾಗಿ ಓಡಿಸಿ ಬಂದು ತಕ್ಷಣ ಆಫ್ ಮಾಡಬೇಡಿ, ಕೊನೆಯ ಐದು ನಿಮಿಷ ನಿಧಾನವಾಗಿ ಬನ್ನಿ.

8. ಯಾವಾಗ ನಿಲ್ಲಿಸಲೇಬೇಕು?

ಕೆಂಪು ಆಯಿಲ್ ದೀಪ ಹತ್ತಿದರೆ ಸುರಕ್ಷಿತವಾದ ಮೊದಲ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮುಂದಿನ ಬಂಕ್‌ವರೆಗೆ ಅಂತ ಎಳೆಯಬೇಡಿ. ಹಳೆಯ ಕಾರುಗಳಲ್ಲಿ ಆ ದೀಪ ಆಯಿಲ್ ಮಟ್ಟ ತೋರಿಸುವುದಿಲ್ಲ, ಒತ್ತಡ ತೋರಿಸುತ್ತದೆ. ಒತ್ತಡ ಬಹುತೇಕ ಬಿದ್ದೇ ಹೋದ ಮೇಲೆ ಅದು ಹತ್ತುತ್ತದೆ. ಅಷ್ಟರಲ್ಲಿ ಬೇರಿಂಗ್‌ಗಳು ಒಣಗಿ ಉಜ್ಜಿಕೊಳ್ಳುತ್ತಿರುತ್ತವೆ. ತಿರುವಿನಲ್ಲಿ ಮಾತ್ರ ಮಿನುಗಿದರೂ ಲಕ್ಷ್ಯ ಕೊಡಿ, ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿದೆ ಅಂತ ಅರ್ಥ.

ಪ್ರೆಷರ್ ಮೀಟರ್ ಇದ್ದರೆ ಹಳೆಯ ಮೆಕ್ಯಾನಿಕ್‌ಗಳ ಅಂದಾಜು ನೆನಪಿಡಿ: ಬಿಸಿ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ). ದಿನವೂ ತೋರಿಸುವ ಅಂಕಿಗಿಂತ ಇದ್ದಕ್ಕಿದ್ದಂತೆ ಇಳಿದರೆ ನಿಲ್ಲಿಸಿ ನೋಡಿ. ಎಂಜಿನ್ ತಳದಿಂದ ಟಕ್ ಟಕ್ ಸದ್ದು ಶುರುವಾದರೆ ಆಯಿಲ್ ಹಾಕಿ ಮುಂದೆ ಹೋಗುವ ಯೋಚನೆ ಬಿಟ್ಟು ಕಾರನ್ನು ಎತ್ತಿಸಿಕೊಂಡು ಹೋಗಿ. ಮಟ್ಟ ಇಳಿಯುವ ಬದಲು ಏರುತ್ತಿದ್ದರೂ ಅಪಾಯವೇ, ಪೆಟ್ರೋಲೋ ಕೂಲೆಂಟೋ ಆಯಿಲ್‌ಗೆ ಸೇರುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಹಾಲಿನಂಥ ಬಣ್ಣ ಕಂಡರೆ ಅದು ಕೂಲೆಂಟ್.

9. ವಾಪಸ್ ಬಂದ ಮೇಲೆ

ನೋಟ್‌ಬುಕ್ ತೆಗೆದು ಹೋಗುವಾಗಿನ ಖರ್ಚು, ಬರುವಾಗಿನ ಖರ್ಚು ಬೇರೆ ಬೇರೆ ಲೆಕ್ಕ ಹಾಕಿ. ಎರಡೂ ಹೆಚ್ಚು ಕಡಿಮೆ ಒಂದೇ ಇದ್ದರೆ ಎಂಜಿನ್ ಸ್ಥಿರವಾಗಿದೆ, ಓಡಿಸುತ್ತಾ ಇರಿ. ಹೋಗುವಾಗ 0.6 ಲೀಟರ್ ಇದ್ದದ್ದು ಬರುವಾಗ 0.9 ಆಗಿದ್ದರೆ ಮುಂದಿನ ಪ್ರಯಾಣಕ್ಕೆ ಮುಂಚೆ ರಟ್ಟು, ಪ್ಲಗ್, ಪಿಸಿವಿ, ಕಂಪ್ರೆಷನ್ ಎಲ್ಲವನ್ನೂ ಇದೇ ಕ್ರಮದಲ್ಲಿ ಮತ್ತೆ ನೋಡಿಸಿ. ಸರ್ವಿಸ್‌ನಲ್ಲಿ ತೆಗೆದ ಹಳೆಯ ಆಯಿಲನ್ನು ನೆಲಕ್ಕೋ ಚರಂಡಿಗೋ ಚೆಲ್ಲಲು ಬಿಡಬೇಡಿ. ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.